ಬಲಪುಟದ ಸಾಲು

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಜನ ಮೊದಲ ದಿನ ಅಳುವುದಕ್ಕೆ ಬರುತ್ತಾರೆ, ಮೂರನೆಯ ದಿನ ಕೇಳುವುದಕ್ಕೆ ಬರುತ್ತಾರೆ. ಕೇಳುವುದಕ್ಕೆ ಬಂದವರು ಮಾತಾಡುವುದಿಲ್ಲ. ಜಗಲಿಯ ಮೇಲೋ ನಡುಮನೆಯ ಗೋಡೆಗೆ ಒರಗಿಯೋ ಕುಳಿತು, ಹೋದವರ ಸದ್ದು ಬರಲಿ ಎಂದು ಕಾಯುತ್ತಾರೆ. ಅದು ಬಂದೇ ಬರುತ್ತದೆ. ಪಕ್ಕದ ಮನೆಯ ಪುಟ್ಟಸ್ವಾಮಯ್ಯ ಹೋದ ಮೇಲೆ ಅವರ ನಶ್ಯದ ಸೀನು ಮೂವತ್ತೆರಡು ದಿನ ಆ ಮನೆಯಲ್ಲಿತ್ತು. ಸೊಸೆ ನಾಗರತ್ನಕ್ಕ ಒಲೆಯ ಮುಂದಿನಿಂದಲೇ "ಬಂದೆ ಮಾವಾ, ಕಾಫಿ ತಂದೆ" ಎಂದು ಕೂಗಿಬಿಟ್ಟು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹುಟ್ಟು ಸಾವು ಬರೆಯುವ ಕಚೇರಿಯ ರಿಜಿಸ್ಟರಿನಲ್ಲಿ ಸಾವನ್ನು ಬರೆದ ಗಳಿಗೆಗೆ ಸದ್ದು ನಿಲ್ಲುತ್ತದೆ. ನಲವತ್ತು ದಿನದೊಳಗೆ ಬರೆಸಬೇಕು. ಬರೆಸದೆ ಹೋದರೆ ಸದ್ದು ಮನೆ ಬಿಟ್ಟು ಬೀದಿಗೆ ಇಳಿಯುತ್ತದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ತುದಿಯಲ್ಲಿ ಯಾವುದೋ ಮುದುಕಿ ಎಲೆಯಡಿಕೆ ಕುಟ್ಟುವ ಸದ್ದು ನನಗೆ ಬುದ್ಧಿ ಬಂದಾಗಿನಿಂದ ಇದೆ. ಯಾರ ಮನೆಯವಳೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೂರುವವರು ಒಬ್ಬರ ಜಾಗ ಬಿಟ್ಟು ಕೂರುತ್ತಾರೆ.

ನನ್ನ ಅವ್ವ ಹೋದ ಮೂರನೆಯ ದಿನ ನಮ್ಮ ಮನೆಗೂ ಬೀದಿಯವರೆಲ್ಲ ಬಂದು ಕುಳಿತರು. ಒಂದೂವರೆ ಗಂಟೆ ಕುಳಿತರು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಏನೂ ಕೇಳಲಿಲ್ಲ. ನಾಗರತ್ನಕ್ಕ ಮೆಲ್ಲಗೆ, "ಬದುಕಿದ್ದಾಗಲೇ ಸದ್ದಿಲ್ಲದ ಜೀವ, ಈಗ ಎಲ್ಲಿಂದ ಬಂದೀತು" ಎಂದಳು. ಎದುರು ಮನೆಯ ಚೌಡಮ್ಮ ಒಪ್ಪಲಿಲ್ಲ. "ಮೂಗರದ್ದೂ ಕೇಳ್ತದೆ ಕಣೆ. ನಮ್ ಭಾವ ಮೂಗ ಅಲ್ವಾ, ಹೋದ ಮೇಲೂ ಹನ್ನೊಂದು ದಿನ ಕೈತಟ್ಟಿ ಕರೀತಿದ್ದ. ಮನೆ ಮೇಲೆ ಮನಸ್ಸಿಲ್ದೆ ಹೋದೋರದ್ದು ಮಾತ್ರ ಕೇಳಲ್ಲ."

ಅವಳು ಅದನ್ನು ನನಗೆ ಕೇಳಿಸಲೆಂದು ಹೇಳಲಿಲ್ಲ. ಆದರೆ ಅಷ್ಟು ನಿಶ್ಶಬ್ದವಾದ ಮನೆಯಲ್ಲಿ ಕೇಳದಿರುವುದು ಹೇಗೆ?

ನನ್ನ ಅವ್ವನ ವಿಷಯ ಹೇಳಬೇಕು. ಅವಳಿಗೆ ಸದ್ದು ಇರಲಿಲ್ಲ. ಮಾತು ಬರುತ್ತಿರಲಿಲ್ಲ ಎಂದಷ್ಟೇ ಹೇಳಿದರೆ ಅದು ಅರ್ಧ. ಅವಳ ಬಳೆ ಕಿಣಿ ಎನ್ನುತ್ತಿರಲಿಲ್ಲ. ಹೆಜ್ಜೆ ಕೇಳುತ್ತಿರಲಿಲ್ಲ. ಅವಳು ಒರಳಲ್ಲಿ ಚಟ್ನಿ ರುಬ್ಬಿದರೆ ಗುಂಡುಕಲ್ಲು ಹತ್ತಿಯ ಮೇಲೆ ತಿರುಗಿದ ಹಾಗೆ. ಅವಳ ಕೈ ಜಾರಿ ಬಿದ್ದ ಲೋಟ ಕೂಡ ಸುಮ್ಮನೆ ಬೀಳುತ್ತಿತ್ತು. ಚಿಕ್ಕಂದಿನಲ್ಲಿ ನಾನು ಎಲ್ಲರ ಅವ್ವಂದಿರೂ ಹೀಗೇ ಎಂದುಕೊಂಡಿದ್ದೆ. ಹುಟ್ಟಿನಿಂದ ಹಾಗೆ ಎಂದು ಅಪ್ಪ ಬೀದಿಗೆಲ್ಲ ಹೇಳಿದ್ದ, ಬೀದಿಯವರು ಶಾಂತಮ್ಮ ಎಂದು ಕರೆದರು, ರೇಷನ್ ಕಾರ್ಡಿನಲ್ಲೂ ಅದೇ ಹೆಸರು ಬಂತು. ಅವಳು ಸ್ಲೇಟಿನ ಮೇಲೆ ಬರೆಯುತ್ತಿದ್ದಳು, ಮುದ್ದಾದ ಅಕ್ಷರ. ಪೇಪರಿನ ಸಾಲುಗಳ ಕೆಳಗೆ ಬೆರಳಿಟ್ಟು ನನಗೆ ಓದು ಕಲಿಸಿದವಳು ಅವಳೇ. ನಾನು ಎಂ.ಎ. ಮಾಡಿ ಊರಿನ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದ್ದಕ್ಕೆ ಅವಳಷ್ಟು ಸಂತೋಷಪಟ್ಟವರಿಲ್ಲ. ಆದರೆ ತವರು ಯಾವುದು, ತಂದೆ ಯಾರು, ತನ್ನ ಮೊದಲ ಹೆಸರು ಏನು ಎಂದು ಕೇಳಿದರೆ ಸ್ಲೇಟನ್ನು ಬೋರಲು ಹಾಕಿಬಿಡುತ್ತಿದ್ದಳು. ಸಾಯುವಾಗಲೂ ಹಾಗೇ ಹೋದಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿದ್ದಿದ್ದಳು. ಅಪ್ಪ ಹತ್ತು ಹೆಜ್ಜೆ ಈಚೆ, ನಡುಮನೆಯಲ್ಲಿ ಬೀಡಿ ಕಟ್ಟುತ್ತಿದ್ದ. ನಾನು ಮಧ್ಯಾಹ್ನ ಊಟಕ್ಕೆ ಬಂದು ನೋಡುವವರೆಗೂ ಅವನಿಗೆ ತಿಳಿದಿರಲಿಲ್ಲ.

ಹನ್ನೊಂದರ ಕಾರ್ಯ ಮುಗಿಸಿ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತೆ ಗಿರಿಜಾಬಾಯಿ ಮೂವತ್ತು ವರ್ಷದಿಂದ ಅದೇ ಮೇಜಿನ ಹಿಂದೆ ಕೂತವರು. ಊರಿನ ಅರ್ಧ ಜನರನ್ನು ಸುಮ್ಮನಾಗಿಸಿದವಳು ನಾನು ಎಂದು ತಾವೇ ತಮಾಷೆ ಮಾಡುತ್ತಿದ್ದರು.

"ಹೆಸರು?"

"ಶಾಂತಮ್ಮ."

"ಅದು ಗಂಡನ ಮನೇದು. ಹುಟ್ಟಿದ ಹೆಸರು ಹೇಳಮ್ಮ. ಎಡಪುಟದಲ್ಲಿ ಹುಟ್ಟು ಇರ್ತದೆ, ಅದರ ಎದುರಿಗೆ ಬಲಪುಟದಲ್ಲಿ ಒಂದು ಸಾಲು ಖಾಲಿ ಬಿಟ್ಟಿರ್ತೀವಿ. ಅಲ್ಲೇ ಬರೀಬೇಕು ಸಾವನ್ನ. ಬೇರೆ ಕಡೆ ಬರೆಯೋ ಹಾಗಿಲ್ಲ. ಮನೆತನ, ವರ್ಷ, ಎರಡೂ ಇಲ್ದೆ ಆ ಸಾಲನ್ನ ನಾನು ಎಲ್ಲಿ ಹುಡುಕಲಿ? ಆ ಬೀರು ನೋಡು."

ನೋಡಿದೆ. ಬೀರು ಅಲ್ಲ, ಬೀರುಗಳ ಓಣಿ.

"ಮನೇಲಿ ಯಾವ ಸದ್ದು ಕೇಳ್ತಾ ಇದೆ? ಅದನ್ನೂ ಬರ್ಕೋಬೇಕು."

"ಯಾವುದೂ ಇಲ್ಲ."

ಗಿರಿಜಾಬಾಯಿ ಕನ್ನಡಕ ಕೆಳಗೆ ಜಾರಿಸಿ ನನ್ನನ್ನು ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನೋಡಮ್ಮ, ತವರಿನದು ಏನಾದರೂ ಹುಡುಕು. ಶಾಲೆ ಸರ್ಟಿಫಿಕೇಟು, ಲಗ್ನಪತ್ರಿಕೆ, ಹೆಸರು ಕೊರೆಸಿದ ಪಾತ್ರೆ. ಒಂದು ಹೆಸರು ಸಿಕ್ಕರೆ ಹೆಳವರನ್ನ ಕೇಳು, ಮನೆತನಗಳೆಲ್ಲ ಅವರ ಬಾಯಲ್ಲಿರ್ತವೆ. ನಲವತ್ತು ದಿನ ಕಳೆದ್ರೆ ಸ್ಮಶಾನದವರು ನಮ್ಮ ಚೀಟಿ ಇಲ್ಲದ ಸಮಾಧಿ ಗುಡ್ಡೆ ಮಟ್ಟ ಮಾಡಿ ಬೇರೆಯವರಿಗೆ ಕೊಡ್ತಾರೆ. ಕಲ್ಲು ನೆಡೋದಿರಲಿ, ಎಲ್ಲಿದ್ದಳು ಅಂತಾನೂ ಗೊತ್ತಾಗಲ್ಲ."

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವನು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದ. ಕತ್ತರಿ ನಿಲ್ಲಲಿಲ್ಲ.

"ನಂಗೇನು ಗೊತ್ತು."

"ನಲವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿ ಹೆಸರು ಗೊತ್ತಿಲ್ವಾ?"

"ಇಲ್ಲ ಅಂದ್ನಲ್ಲ. ಮಣ್ಣು ಮಾಡಾಗಿದೆ. ಬಿಟ್ಟುಬಿಡು ಮಂದಾ."

ಅಪ್ಪ ನನ್ನನ್ನು ಎಂದೂ ಗದರಿದವನಲ್ಲ. ಆವತ್ತು ಗದರಲೂ ಇಲ್ಲ. ಕತ್ತರಿಯ ಲಯ ಮಾತ್ರ ತಪ್ಪಿತು, ಒಂದು ಎಲೆ ಅಡ್ಡ ಹರಿಯಿತು. ಅವನು ಅದನ್ನು ಎತ್ತಿ ಬದಿಗಿಟ್ಟ. ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ಸುಮ್ಮನಿರುವುದು ಎಲ್ಲರಿಗೂ ಚೆನ್ನಾಗಿ ಬರುತ್ತಿತ್ತು.

ಹತ್ತು ದಿನ ಅವ್ವನ ಟ್ರಂಕು, ಅಟ್ಟ, ಹಳೆಯ ಪೇಪರುಗಳ ಕಟ್ಟು ಎಲ್ಲ ಕೆದಕಿದೆ. ಒಂದು ಕಾಗದವೂ ಸಿಗಲಿಲ್ಲ. ಕಣ್ಣೆದುರೇ ಇದ್ದದ್ದನ್ನು ಮಾತ್ರ ಕೊನೆಗೆ ನೋಡಿದೆ. ನಾನು ಶಾಲೆಗೆ ಒಯ್ಯುತ್ತಿದ್ದ ಹಿತ್ತಾಳೆಯ ಊಟದ ಡಬ್ಬಿ ಅದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ಪಂಚಾಕ್ಷರಯ್ಯ, ಬೀಡಿ ಶೆಡ್ಡು. ಗುಜರಿಯಲ್ಲಿ ಕೊಂಡದ್ದು ಎಂದು ಅಪ್ಪ ಹೇಳಿದ್ದರಿಂದ ಆ ಹೆಸರನ್ನು ಇಷ್ಟು ವರ್ಷ ಓದಿಯೂ ಓದಿರಲಿಲ್ಲ. ಅವ್ವ ಅದನ್ನು ಪ್ರತಿ ಶುಕ್ರವಾರ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದುದು ನೆನಪಾಯಿತು. ಬೇರೆ ಪಾತ್ರೆಗಳಿಗೆ ಬೂದಿಯೇ ಸಾಕಾಗುತ್ತಿತ್ತು.

ಹೆಳವರು ಆ ವಾರ ಕೆರೆಯ ಹಿಂದಿನ ಬಯಲಿನಲ್ಲಿ ಬೀಡುಬಿಟ್ಟಿದ್ದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಮನೆಮನೆಗೆ ಹೋಗಿ ವಂಶ ಹೇಳುವ ಕಾಲ ಹೋಗಿದೆ. ಯಂಕಪ್ಪ ಎಂಬ ಹೆಳವನ ಗಂಟೆ ಅವನ ಮೊಪೆಡ್ಡಿನ ಹ್ಯಾಂಡಲಿಗೆ ನೇತಾಡುತ್ತಿತ್ತು. ಪಂಚಾಕ್ಷರಯ್ಯ ಎಂದ ಕೂಡಲೇ ಅವನು ಕಣ್ಣು ಮುಚ್ಚಿದ.

"ನದಿ ಆಚೆ ದಡದ ಗಂಧದಂಗಡಿ ಮನೆತನ ಅದು ತಾಯಿ. ಬೀಡಿ ಶೆಡ್ಡಲ್ಲಿ ಗುಮಾಸ್ತ್ರಾಗಿದ್ರು. ನಮ್ಮಪ್ಪ ಹೇಳ್ತಿದ್ದ ಮನೆ, ಈಗ ನಾನು ಹೇಳ್ತೀನಿ. ನೀವು ಆ ಮನೆಯೋರಾ?"

"ಗೊತ್ತಿಲ್ಲ. ಅದಕ್ಕೇ ಬಂದೆ."

"ಭಲೆ! ಗೊತ್ತಿರೋರೇ ಕೇಳೋದು ಕಮ್ಮಿ ಈಗ. ಕುಂತ್ಕೊಳ್ಳಿ."

ಅವನು ಗಂಟೆ ಕೈಗೆ ತೆಗೆದುಕೊಂಡು ರಾಗ ಎತ್ತಿದ. ಮೂಲಪುರುಷನಿಂದ ಹಿಡಿದು ಏಳು ತಲೆ ಇಳಿದು ಪಂಚಾಕ್ಷರಯ್ಯನವರಿಗೆ ಬಂದ. ಅವರ ಮಡದಿ ಗೌರಮ್ಮ. ಮೊದಲ ಮಗ ಇಂಥವನು, ಪ್ಲೇಗಮ್ಮನ ಜಾತ್ರೆ ನಿಂತ ವರ್ಷ ಹುಟ್ಟಿದವನು. ಆಮೇಲೆ ಗಂಟೆ ತಡೆದು ಹಿಡಿದ. ರಾಗವನ್ನೂ ತಡೆದ. ಒಂದು ಹೆಸರು ಹೇಳುವಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತು, ಮತ್ತೆ ಗಂಟೆ ಆಡಿಸಿ ಕಿರಿಯ ಮಗನಿಗೆ ಹೋದ.

"ನಡುವೆ ಯಾಕೆ ನಿಲ್ಲಿಸಿದ್ರಿ?"

"ಅಲ್ಲೊಂದು ಹೆಣ್ಣುಮಗು ಇತ್ತು. ಆ ಹೆಸರು ಎತ್ತಬೇಡ ಅಂತ ಅವರು ನಮ್ಮಪ್ಪನಿಂದ ಭಾಷೆ ತಗೊಂಡವ್ರೆ. ನಾವು ಸುಳ್ಳು ಹೇಳೋ ಹಾಂಗಿಲ್ಲ, ಇಲ್ಲ ಅನ್ನೋ ಹಾಂಗೂ ಇಲ್ಲ. ಅದಕ್ಕೆ ಹೆಸರಿನಷ್ಟು ಜಾಗ ಬಿಟ್ಟು ಮುಂದೆ ಹೋಗ್ತೀವಿ. ಹೆಸರು ಕೇಳ್ಬೇಡಿ ತಾಯಿ, ನಾಲಿಗೆ ಕಟ್ಟೈತೆ. ವರ್ಷ ಬೇಕಾದ್ರೆ ಹೇಳ್ತೀನಿ. ವರ್ಷಕ್ಕೆ ಯಾರೂ ಭಾಷೆ ತಗೊಂಡಿಲ್ಲ."

ಅವನು ನಕ್ಕ. ನಾನು ಆ ಖಾಲಿ ಜಾಗವನ್ನು ಇನ್ನೊಮ್ಮೆ ಹಾಡು ಎಂದು ಕೇಳಿದೆ. ಅವನು ಆಶ್ಚರ್ಯಪಡದೆ ಮತ್ತೆ ಹಾಡಿ ಮತ್ತೆ ಅಲ್ಲೇ ಉಸಿರು ಹಿಡಿದ. ಅದನ್ನು ಕೇಳುವಾಗ ನನಗೆ ನಮ್ಮ ಅಡುಗೆಮನೆಯ ನೆನಪಾಯಿತು.

ಇಪ್ಪತ್ತೊಂಬತ್ತನೆಯ ದಿನ ಗಿರಿಜಾಬಾಯಿ ಏಣಿ ಹತ್ತಿ ಗಂಧದಂಗಡಿ ಮನೆತನದ ರಿಜಿಸ್ಟರು ಇಳಿಸಿದರು. ಧೂಳು ಕೊಡವಿ, ಯಂಕಪ್ಪ ಹೇಳಿದ ವರ್ಷ ಹಿಡಿದು ಬೆರಳಾಡಿಸಿದರು. ಎಡಪುಟದಲ್ಲಿ ಸಿಕ್ಕಿತು. ಕುಮುದಿನಿ. ತಂದೆ ಪಂಚಾಕ್ಷರಯ್ಯ, ತಾಯಿ ಗೌರಮ್ಮ. ನನ್ನ ಅವ್ವನ ಹೆಸರನ್ನು ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಓದಿದೆ. ಬಾಯಿ ಬಿಟ್ಟು ಓದಿದೆ. ಗಿರಿಜಾಬಾಯಿಯವರ ಬೆರಳು ಅಷ್ಟರಲ್ಲಿ ಬಲಪುಟಕ್ಕೆ ದಾಟಿ ಅಲ್ಲೇ ನಿಂತಿತ್ತು.

ಖಾಲಿ ಇರಬೇಕಾದ ಸಾಲು ಖಾಲಿ ಇರಲಿಲ್ಲ. ಮರಣ, ಎಂದಿತ್ತು. ಇಪ್ಪತ್ತೊಂದು ವರ್ಷ. ತಿಳಿಸಿದವರು ತಂದೆ. ಪಂಚಾಕ್ಷರಯ್ಯನವರ ರುಜು ಗಟ್ಟಿಯಾಗಿ, ಕಾಗದ ಹರಿಯುವಂತೆ ಒತ್ತಿ ಬಿದ್ದಿತ್ತು. ಸಾಕ್ಷಿಯ ಜಾಗದಲ್ಲಿ ಗೌರಮ್ಮನ ಹೆಬ್ಬೆಟ್ಟು. ಒತ್ತುವಾಗ ಕೈ ಎಳೆದುಕೊಂಡರೋ ಏನೋ, ಆ ಗುರುತು ಉದ್ದಕ್ಕೆ ಕಲೆಸಿಹೋಗಿತ್ತು.

"ನೀನು ಹುಟ್ಟಿದ್ದು ಯಾವಾಗ?" ಗಿರಿಜಾಬಾಯಿ ಕೇಳಿದರು. ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, "ಅಯ್ಯೋ ಶಿವನೇ. ಸತ್ತು ಮೂರು ವರ್ಷ ಆದ ಮೇಲೆ ನಿನ್ನ ಹೆತ್ತಿದ್ದಾಳೆ" ಎಂದರು. ತಮಾಷೆಗೆ ಶುರುಮಾಡಿದ ಮಾತು ಅವರ ಬಾಯಲ್ಲೇ ಕೆಟ್ಟುಹೋಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಲಪುಟ ತುಂಬಿದ ಗಳಿಗೆಗೆ ಸದ್ದು ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬದುಕಿದ್ದವರ ಸಾಲನ್ನು ಯಾರಾದರೂ ತುಂಬಿಸಿದರೆ ಏನಾದೀತು ಎಂದು ನಮ್ಮೂರಿನಲ್ಲಿ ಯಾರೂ ಯೋಚಿಸಿರಲಿಲ್ಲ.

"ಸುಳ್ಳು ಬರಹ ಹೊಡೆದು ಹಾಕಬಹುದು," ಕನ್ನಡಕ ಮತ್ತೆ ಏರಿಸಿಕೊಂಡು ಅವರು ಹೇಳಿದರು. "ಈ ಕುಮುದಿನಿ, ನಿಮ್ಮ ಶಾಂತಮ್ಮ ಒಬ್ಬಳೇ ಅಂತ ನಿಮ್ಮಪ್ಪ ಬಂದು ಸಹಿ ಹಾಕಬೇಕು. ಅವರು ಬಿಟ್ಟರೆ ಬೇರೆ ಯಾರಿಗೂ ಅದು ಗೊತ್ತಿಲ್ಲ."

ನಾನು ಮನೆಗೆ ಹೋಗಿ ಅಪ್ಪನ ಎದುರು ಕುಳಿತು, "ಕುಮುದಿನಿ" ಎಂದೆ. ಅಷ್ಟೇ. ಕತ್ತರಿ ಕೈಯಿಂದ ಜಾರಿ ಮೊರದೊಳಗೆ ಬಿತ್ತು. ಮಾರಣ್ಣ, ನನ್ನ ಅಪ್ಪ, ಅರವತ್ತೆಂಟು ವರ್ಷದ ಗಂಡಸು, ಹೊಗೆಸೊಪ್ಪಿನ ಘಾಟು ಅಂಟಿದ ಬೆರಳುಗಳಿಂದ ಮುಖ ಮುಚ್ಚಿಕೊಂಡ.

"ಶೆಡ್ಡಲ್ಲಿ ನಾವು ಬೀಡಿ ಕಟ್ತಾ ಇದ್ರೆ ಒಬ್ರು ಪೇಪರ್ ಓದಿ ಹೇಳ್ಬೇಕು, ಅದು ಪದ್ಧತಿ," ಎಂದು ಅವನು ಮುಖದಿಂದ ಕೈ ತೆಗೆದು ಶುರುಮಾಡಿದ. "ಗುಮಾಸ್ತ್ರ ಮಗಳು ಓದೋಳು. ಇನ್ನೂರು ಜನ ಕತ್ತರಿ ಮೆಲ್ಲಗೆ ಆಡಿಸೋರು, ಅವಳ ಮಾತು ಕೇಳ್ಬೇಕು ಅಂತ. ಕೋಗಿಲೆ ಏನಲ್ಲ. ಒಡಕು ಗಂಟಲು. ಯಾರಾದ್ರೂ ಸತ್ತ ಸುದ್ದಿ ಬಂದ್ರೆ ನಿಧಾನ ಮಾಡೋಳು, ಅವರಿಗೆ ನೋವಾಗ್ಬಾರ್ದು ಅನ್ನೋ ಹಂಗೆ. ನಾನು ಅದನ್ನೇ ಕೇಳ್ತಾ ಕೇಳ್ತಾ ಕೆಟ್ಟೋದೆ ಕಣವ್ವ. ನಮ್ಮ ಜಾತಿ ಏನು, ಅವರದ್ದೇನು, ಗೊತ್ತಿದ್ರೂ ಕೆಟ್ಟೋದೆ. ಒಂದಿನ ಅವರಪ್ಪನಿಗೆ ಊಟದ ಡಬ್ಬಿ ತಂದೋಳು ಅದನ್ನ ಅವರಿಗೆ ಕೊಡ್ದೆ, ಹಂಗೇ ನನ್ನ ಜೊತೆ ದೋಣಿ ಹತ್ತಿದ್ಲು."

"ಆಮೇಲೆ?"

"ಆರು ದಿನ ಮಾತಾಡಿದ್ಲು. ಆರೇ ದಿನ. ಆರನೇ ದಿನ ಈರುಳ್ಳಿ ಹೆಚ್ತಾ ಏನೋ ಹೇಳ್ತಿದ್ಲು, ನಾನು ನಗ್ತಾ ಇದ್ದೆ. ಅರ್ಧ ಮಾತಲ್ಲಿ ನಿಂತೋಯ್ತು. ಬಾಯಿ ಆಡ್ತಾನೇ ಇತ್ತು. ಈಳಿಗೆಮಣೆ ಸದ್ದೂ ನಿಂತೋಯ್ತು." ಅಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. "ನಂಗಿಂತ ಮೊದ್ಲು ಅವಳಿಗೇ ತಿಳೀತು. ಇದ್ದಲಲ್ಲಿ ನೆಲದ ಮೇಲೆ ಬರೆದ್ಲು, ಅಪ್ಪ ಬರೆಸಿಬಿಟ್ರು ಅಂತ."

"ಹೋಗಿ ಹೊಡೆದು ಹಾಕಿಸಬಹುದಿತ್ತಲ್ಲಪ್ಪ!"

"ಹೋಗ್ತೀನಿ ಅಂತ ಹೊರಟೆ. ಬಾಗಿಲಿಗೆ ಅಡ್ಡ ನಿಂತ್ಲು. ಬದುಕಿದ್ದೀನಿ ಅಂತ ಅವರ ಹತ್ರ ಅರ್ಜಿ ಹಾಕ್ಕೋಬೇಕಾ ನಾನು ಅಂತ ಬರೆದ್ಲು. ಅವಳ ಹಟ ನಿಂಗೆ ಗೊತ್ತಿಲ್ವಾ."

"ಈಗ ಅವಳಿಲ್ಲ. ಈಗಲಾದರೂ ಬಂದು ಸಹಿ ಹಾಕು."

ಅವನು ತಲೆಯಾಡಿಸಿದ. ಆಗುವುದಿಲ್ಲ ಎಂದು. ಗುಡ್ಡೆ ಮಟ್ಟ ಮಾಡುತ್ತಾರೆ ಎಂದೆ. ಅವ್ವನಿಗೆ ಈ ಮನೆ ಮೇಲೆ ಮನಸ್ಸಿರಲಿಲ್ಲವೆಂದು ಬೀದಿಯೆಲ್ಲ ಆಡಿಕೊಳ್ಳುತ್ತಿದೆ ಎಂದೆ. ನನಗೂ ಒಂದೊಂದು ಸಲ ಹಾಗೇ ಅನ್ನಿಸುತ್ತದೆ ಎಂದು ಕೂಡ ಹೇಳಿಬಿಟ್ಟೆ. ಅವನು ಅದಕ್ಕೂ ಅಲುಗಲಿಲ್ಲ. ಎಂಟು ದಿನ ನಾವಿಬ್ಬರೂ ಹೀಗೇ ಕಳೆದೆವು. ನಾನು ಕೇಳುವುದು, ಅವನು ತಲೆಯಾಡಿಸುವುದು. ಮೂವತ್ತಾರನೆಯ ದಿನ ಅನ್ನಕ್ಕೆ ಸಾರು ಬಡಿಸುತ್ತಿದ್ದಾಗ ಅವನಾಗಿಯೇ ಬಾಯಿಬಿಟ್ಟ.

"ಹೊಡೆದು ಹಾಕಿದ್ರೆ ಅವಳ ಸದ್ದೆಲ್ಲ ವಾಪಸ್ ಬರ್ತದೆ. ಅಲ್ವಾ?"

"ಬರಬಹುದು."

"ಆವತ್ತು ಹಿತ್ತಲಲ್ಲಿ ಬಿದ್ದಾಗ ಅವಳು ನನ್ನ ಕರೆದಿರ್ತಾಳೆ ಮಂದಾ. ಬಾಯಿ ತೆಗೆದು ಕರೆದಿರ್ತಾಳೆ. ನಾನು ಇಲ್ಲೇ ಕೂತಿದ್ದೆ, ಬೀಡಿ ಕಟ್ತಾ. ಅದನ್ನ ನಾನು ಕೇಳಬೇಕಾ ಈಗ?"

ನನ್ನ ಕೈಯ ಸೌಟು ಪಾತ್ರೆಗೆ ತಗಲಿ ಸದ್ದಾಯಿತು. ಇಷ್ಟು ದಿನ ನಾನು ನನ್ನ ಅವ್ವನನ್ನು ಹುಡುಕುತ್ತಿದ್ದೆ. ಅವನು ಅವಳಿಂದ ತಪ್ಪಿಸಿಕೊಳ್ಳುತ್ತಿದ್ದಾನೆಂದು ಒಳಗೊಳಗೇ ಸಿಟ್ಟಾಗಿದ್ದೆ. ಅವನು ತಪ್ಪಿಸಿಕೊಳ್ಳುತ್ತಿದ್ದುದು ಹತ್ತು ಹೆಜ್ಜೆಯಿಂದ.

ಮರುದಿನ ಶನಿವಾರ. ನಾನು ವಾಚನಾಲಯಕ್ಕೆ ಹೊರಡುವಾಗ ಅಪ್ಪ ಒಗೆದ ಪಂಚೆ ಉಟ್ಟು ಜಗಲಿಯ ಮೇಲೆ ನಿಂತಿದ್ದ. ಇಬ್ಬರೂ ಕಚೇರಿಗೆ ನಡೆದೆವು. ಗಿರಿಜಾಬಾಯಿ ರಿಜಿಸ್ಟರು ತೆರೆದಿಟ್ಟು ಅವನಿಂದ ಹೇಳಿಕೆ ಬರೆಸಿಕೊಂಡರು. ಅವನು ಸಹಿ ಹಾಕುವ ಮುಂಚೆ ಎಡಪುಟದ ಹೆಸರನ್ನು ಹೆಬ್ಬೆರಳಿನಿಂದ ಮುಟ್ಟಿದ.

"ಯಜಮಾನ್ರೇ, ಒಂದು ಮಾತು," ಎಂದರು ಗಿರಿಜಾಬಾಯಿ. "ಹೊಡೆದು ಹಾಕೋ ಅಧಿಕಾರ ನಂಗಿದೆ. ಹೊಸದು ಬರೆಯೋಕೆ ಸಾಹೇಬ್ರ ಸಹಿ ಬೇಕು, ಅವರು ಬರೋದು ಸೋಮವಾರ. ಇವತ್ತು ಹೊಡೆದು ಹಾಕಿದ್ರೆ ಅಲ್ಲೀವರೆಗೂ ಸದ್ದು ಮನೇಲಿರ್ತದೆ. ಬೇಡ ಅಂದ್ರೆ ಸೋಮವಾರಾನೇ ಎರಡನ್ನೂ ಒಟ್ಟಿಗೆ ಮಾಡೋಣ. ಒಂದು ಕೈಲಿ ಹೊಡೆದು ಒಂದು ಕೈಲಿ ಬರೀತೀನಿ. ಏನೂ ಕೇಳಲ್ಲ. ನಿಮ್ಮಿಷ್ಟ."

ನಾನು ಬೇಕೆಂದೇ ಕಿಟಕಿಯ ಕಡೆ ನೋಡುತ್ತ ನಿಂತೆ. ಅಪ್ಪ ಸೋಮವಾರ ಎನ್ನುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಹಾಗೆ ಎಂದಿದ್ದರೆ ತಪ್ಪೇನೂ ಇರಲಿಲ್ಲ.

"ಇವತ್ತೇ ಹೊಡೀರಿ," ಎಂದ ಅಪ್ಪ.

ಅವರು ಅಡಿಕೋಲು ಇಟ್ಟು ಕೆಂಪು ಮಸಿಯ ಗೆರೆ ಎಳೆದರು.

ನಾವು ಬೀದಿಯ ತಿರುವಿಗೆ ಬರುವಷ್ಟರಲ್ಲಿ ನಾಗರತ್ನಕ್ಕ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಏ ಮಂದಾಕಿನಿ, ನಿಮ್ಮನೇಲಿ ಯಾರೋ ಬೈತಾವ್ರೆ ಕಣೆ! ಬೀಗ ಹಾಕೈತೆ, ಒಳಗೆ ಯಾರೋ ಹೆಂಗಸು ಒಂದೇ ಸಮ ಬೈತಾವ್ಳೆ!"

ಬಾಗಿಲು ತೆಗೆದೆ. "ಎಷ್ಟು ಸಲ ಹೇಳ್ಬೇಕು, ಒದ್ದೆ ಕಾಲಲ್ಲಿ ಒಳಗೆ ಬರ್ಬೇಡ ಅಂತ!" ಎಂದಿತು ನಡುಮನೆ. ಒಡಕು ಗಂಟಲು. ನಾನು ಗಾಬರಿಯಿಂದ ಕಾಲು ನೋಡಿಕೊಂಡೆ. ಅಡುಗೆಮನೆಯಲ್ಲಿ ಒರಳು ಗುಡುಗುತ್ತಿತ್ತು. ಎಲ್ಲೋ ಒಂದು ಲೋಟ ಬಿದ್ದು ಉರುಳಿ ಉರುಳಿ ನಿಂತಿತು. ಬಳೆ, ಹೆಜ್ಜೆ, ಪೊರಕೆ, ಸೀನು, ನಗು. ಅವಳಿಗೆ ಅಷ್ಟು ದೊಡ್ಡ ನಗುವಿತ್ತು. ನಲವತ್ತೊಂದು ವರ್ಷದ್ದು ಹಿಂದೆ ಮುಂದೆ ಎನ್ನದೆ ಬರುತ್ತಿತ್ತು. ಜೋಗುಳದ ಮಧ್ಯೆ ಬೈಗುಳ, ಬೈಗುಳ ಮುಗಿಯುವ ಮೊದಲೇ ಪೇಪರಿನ ಹಳೆಯ ಸುದ್ದಿ. ನದಿಗೆ ಸೇತುವೆ ಮಂಜೂರಾದ ಸುದ್ದಿಯನ್ನು ಅವಳು ಜೋರಾಗಿ ಓದಿದಳು. ಸೇತುವೆ ಕಟ್ಟಿ ಇಪ್ಪತ್ತು ವರ್ಷವಾಗಿತ್ತು. ಪೇಪರ್ ಓದುವಾಗ ಅವಳ ತುಟಿ ಅಲುಗುವುದನ್ನು ನಾನು ದಿನವೂ ನೋಡಿದ್ದೆ, ಅಭ್ಯಾಸ ಎಂದುಕೊಂಡಿದ್ದೆ. ಅವಳು ಅಪ್ಪನಿಗೆ ಓದಿ ಹೇಳುತ್ತಿದ್ದಳು. ಕೇಳುವುದಿಲ್ಲವೆಂದು ಗೊತ್ತಿದ್ದೂ, ಅವನು ಬೀಡಿ ಕಟ್ಟುವಷ್ಟು ಹೊತ್ತು ಓದುತ್ತಿದ್ದಳು.

ಬೀದಿಯವರು ಮತ್ತೆ ಬಂದು ಗೋಡೆಗೆ ಒರಗಿ ಕುಳಿತರು. ಚೌಡಮ್ಮ ನನ್ನ ಕೈ ಹಿಡಿದುಕೊಂಡಳು. "ತಪ್ಪು ಮಾತಾಡ್ಬಿಟ್ಟೆ ಕಣವ್ವ" ಎಂದಳು. ಅಷ್ಟರಲ್ಲಿ ಅಡುಗೆಮನೆ, "ಆ ಚೌಡಿಗೆ ಸಕ್ಕರೆ ಕೊಟ್ಟರೆ ಬಟ್ಟಲೂ ವಾಪಸ್ ಬರಲ್ಲ" ಎಂದಿತು. ಎಲ್ಲರೂ ನಕ್ಕರು. ಚೌಡಮ್ಮ ಅಳುತ್ತಲೇ ನಕ್ಕಳು.

ಭಾನುವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲ ಹೊರಗಿನಿಂದ ಕೇಳಿದ್ದು ಬೇರೆ. ಹದಿನಾರನೆಯ ವಯಸ್ಸಿನಲ್ಲಿ ಯಾವುದೋ ಸಿಟ್ಟಿಗೆ ಅವಳನ್ನು ಮೂಗಿ ಎಂದು ಕರೆದು, ಅವಳ ಮುಖದ ಮೇಲೇ ಬಾಗಿಲು ಹಾಕಿಕೊಂಡಿದ್ದೆ. ಸಂಜೆಯವರೆಗೂ ತೆಗೆದಿರಲಿಲ್ಲ. ಅವಳು ಆಚೆ ನಿಂತಿದ್ದಳೋ ಹೋಗಿದ್ದಳೋ ನನಗೆ ತಿಳಿದಿರಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. "ಬಾಗಿಲು ತೆಗಿ ಮಂದಾ. ಊಟ ಮಾಡು, ಆಮೇಲೆ ಮತ್ತೆ ಸಿಟ್ಟು ಮಾಡ್ಕೋ. ನಾನು ಇಲ್ಲೇ ಇದ್ದೀನಿ." ಸ್ವಲ್ಪ ಬಿಟ್ಟು, "ಇಲ್ಲೇ ಇದ್ದೀನಿ." ಮತ್ತೆ ಸ್ವಲ್ಪ ಬಿಟ್ಟು ಅದೇ. ನಾನು ಹೋಗಿ ಬಾಗಿಲು ತೆಗೆದೆ. ಅಲ್ಲಿ ಏನಿರುತ್ತದೆ. ಆದರೂ ತೆಗೆದೆ.

ಅಪ್ಪ ಇದಾವುದಕ್ಕೂ ನಗಲಿಲ್ಲ, ಅಳಲಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೂ ಬೀಡಿ ಕಟ್ಟದೆ, ಹಿತ್ತಲ ಕಡೆ ಕಿವಿಯಿಟ್ಟು ಕೂತಿದ್ದ. ಸ್ನಾನಕ್ಕೆ ಏಳಲಿಲ್ಲ. ಸದ್ದು ತಪ್ಪಿಹೋದೀತು ಎಂದು ಚೊಂಬಿನ ನೀರನ್ನೂ ಗುಟುಕಿನ ಸದ್ದಾಗದಂತೆ ಬಾಯಿಗೆ ಸುರಿದುಕೊಂಡ. ಭಾನುವಾರ ಹೀಗೇ ಕಳೆಯಿತು. ಹಿತ್ತಲಿನಿಂದ ಬಟ್ಟೆ ಕುಕ್ಕುವ ಸದ್ದು ಎಷ್ಟೋ ಸಲ ಬಂತು, ಹಾಡು ಬಂತು. ಅವನು ಕಾಯುತ್ತಿದ್ದುದು ಬರಲಿಲ್ಲ.

ಸೋಮವಾರ ಮೂವತ್ತೊಂಬತ್ತನೆಯ ದಿನ. ಹೊರಟು ನಿಂತು, "ಬರ್ತೀಯಾ?" ಎಂದೆ.

"ನೀನು ಹೋಗು. ನಾನಿಲ್ಲೇ ಇರ್ತೀನಿ."

ಸಾಹೇಬರು ಬಂದು ಸಹಿ ಹಾಕಿ ಒಳಗೆ ಹೋದಾಗ ಹನ್ನೊಂದಾಗಿತ್ತು. ಗಿರಿಜಾಬಾಯಿ ಪೆನ್ನು ತೆಗೆದರು. ಕೆಂಪು ಗೆರೆಯ ಕೆಳಗೆ ಒಂದು ಸಾಲಿನಷ್ಟು ಜಾಗವಿತ್ತು. ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಪೆನ್ನು ಕೊಡವಿದರು. "ಮಸಿ ಇಳೀತಿಲ್ಲ" ಎಂದು ನಿಬ್ಬು ಬಿಚ್ಚಿ, ಚಿಂದಿ ಬಟ್ಟೆಯಿಂದ ಒರೆಸಿ, ನೀರಲ್ಲಿ ಅದ್ದಿ, ಮತ್ತೆ ಒರೆಸಿದರು. ಹಾಗೆ ಒರೆಸುತ್ತಲೇ ಹೋದರು. ಒಳಗಿನಿಂದ ಸಾಹೇಬರು, "ಆಯ್ತೇನ್ರೀ ಆ ಕೇಸು?" ಎಂದು ಕೂಗಿದರು. "ಆಯ್ತು ಸಾರ್" ಎಂದು ಅವರು ಇನ್ನೂ ಸ್ವಲ್ಪ ಒರೆಸಿದರು. ಕೊನೆಗೆ ಬರೆದರು. ಮರಣ. ಅರವತ್ತೆರಡು ವರ್ಷ. ಸ್ಥಳ, ಸ್ವಂತ ಮನೆ. ತಿಳಿಸಿದವರು ಮಗಳು. ನಾನು ರುಜು ಹಾಕಿದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ಮನೆಯ ಮುಂದೆ ಜನ ಕರಗಿದ್ದರು. ನಾಗರತ್ನಕ್ಕ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು, ನನಗೆ ದಾರಿ ಬಿಟ್ಟಳು. ಒಳಗೆ ಎಲ್ಲ ನಿಂತಿತ್ತು. ಅಪ್ಪನ ಮೊರ ನಡುಮನೆಯಲ್ಲಿ ಬೋರಲು ಬಿದ್ದು, ಎಲೆಯೂ ಹೊಗೆಸೊಪ್ಪೂ ಹಿತ್ತಲ ಬಾಗಿಲವರೆಗೆ ಚೆಲ್ಲಿದ್ದವು. ಅವನು ಒಗೆಯುವ ಕಲ್ಲಿನ ಪಕ್ಕದಲ್ಲಿ, ಅವಳು ಬಿದ್ದಿದ್ದ ಜಾಗದಲ್ಲಿ, ಮಂಡಿಯೂರಿ ಕೂತಿದ್ದ.

ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಅವನು ಕಲ್ಲಿನ ಮೇಲೆ ಕೈಯಿಟ್ಟು ಹೇಳಿದ.

"ಮೂರು ಸಲ ಕರೆದ್ಲು."

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

"ಮೊದಲನೇ ಸಲಕ್ಕೇ ಎದ್ದು ಬಂದೆ ಕಣವ್ವ. ಇನ್ನೆರಡು ಸಲ ಇಲ್ಲೇ ಪಕ್ಕದಲ್ಲಿ ಕೂತು ಕೇಳ್ದೆ."